ಕಟಿಂಗ್ ಶಾಪಿನ ಏಳು ಮೀನು

ನನ್ನದು ಬೀಗದ ಕೈ ಮಾಡಿಕೊಡುವ ಕೆಲಸ. ನನ್ನ ಪೆಟ್ಟಿಗೆಯಂಗಡಿಗೆ ಅಂಟಿಕೊಂಡೇ ನಮ್ಮ ಭಾವನ ಕಟಿಂಗ್ ಶಾಪು ಇದೆ. ಭಾವ ಎಂದರೆ ನಮ್ಮಕ್ಕನ ಗಂಡ. ಇಪ್ಪತ್ತೆರಡು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಒಂದು ಇಟ್ಟಿಗೆಯಷ್ಟು ದಪ್ಪದ ಗೋಡೆ. ಕ್ಷೌರದಂಗಡಿಯಲ್ಲಿ ಕತ್ತರಿಗಿಂತ ಬಾಯಿ ಜಾಸ್ತಿ ಆಡುತ್ತದೆ ಎಂದು ಜನ ಹೇಳುತ್ತಾರೆ. ನಮ್ಮ ಭಾವ ಮಾತ್ರ ಆ ಹೆಸರನ್ನು ಕೆಡಿಸಲೆಂದೇ ಹುಟ್ಟಿದವನು. ಒಂದು ತಲೆ ಮುಗಿಯುವುದರೊಳಗೆ ಅವನ ಬಾಯಿಂದ ಬರುವುದು ಎರಡೇ ಮಾತು: "ಚಿಕ್ಕದಾ?" ಮತ್ತು "ಆಯ್ತು". ಮಾತೆಲ್ಲ ನನ್ನ ಪಾಲಿಗೆ ಬಂದಿದೆ, ಜೊತೆಗೆ ಸಿಟ್ಟೂ ನನ್ನ ಪಾಲಿಗೇ ಬಂದಿದೆ. ಅವನ ಬಗ್ಗೆ ಅವನೇ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ.

ಶಾಪಿಗೆ ಪಶ್ಚಿಮದ ಬಾಗಿಲು. ಮಧ್ಯಾಹ್ನ ಎರಡರ ಮೇಲೆ ಬಿಸಿಲು ನೇರವಾಗಿ ಒಳಗೆ ಬಂದು ಬೆಂಚಿನ ಮೇಲೆ ಗಿರಾಕಿಯ ಹಾಗೆ ಕೂರುತ್ತದೆ. ಎರಡು ತಿರುಗುವ ಕುರ್ಚಿ, ಒಂದು ಉದ್ದನೆಯ ಕನ್ನಡಿ, ಹಿಂದೆ ಟವೆಲ್ಲು, ಬಕೆಟ್ಟು ಇಡುವ ಒಂದು ಸಣ್ಣ ಕೋಣೆ. ಬೆಂಚಿನ ಎದುರು ಗೋಡೆಗೆ ಆರಡಿ ಉದ್ದದ ಗಾಜಿನ ತೊಟ್ಟಿ. ಅದನ್ನು ಭಾವ ಕೊಂಡದ್ದಲ್ಲ. ಯಾವುದೋ ಆಫೀಸಿನ ಗುಮಾಸ್ತರೊಬ್ಬರು ವರ್ಗವಾಗಿ ಹೋಗುವಾಗ, "ಇದನ್ನ ಲಾರಿಗೆ ಹಾಕಿದ್ರೆ ಒಡೆಯುತ್ತೆ, ನೀನೇ ನೋಡ್ಕೊಳಯ್ಯ" ಎಂದು ಬಿಟ್ಟುಹೋದದ್ದು. ಒಳಗೆ ಏಳು ಗೋಲ್ಡ್‌ಫಿಶ್. ಬಂದಾಗ ಹೆಬ್ಬೆರಳಷ್ಟಿದ್ದವು. ಒಂಬತ್ತು ವರ್ಷದಲ್ಲಿ ಒಂದೊಂದೂ ನನ್ನ ಅಂಗೈಯಷ್ಟು ಬೆಳೆದವು. ಬೇಡ ಎನ್ನಲು ಬಾಯಿ ಬರದೆ ಇಟ್ಟುಕೊಂಡ ತೊಟ್ಟಿ, ಮುಂದೆ ಅವನ ಸಂಸಾರವನ್ನೇ ಹಿಡಿದು ನಿಲ್ಲಿಸಿತು.

ಹೇಗೆಂದರೆ, ಭಾವನ ತಾಯಿಗೆ ಮರೆವು ಶುರುವಾಯಿತು. ನಾನೂ ಅವರನ್ನು ಅತ್ತೆ ಎಂದೇ ಕರೆಯುವುದು. ಮೊದಲು ಕನ್ನಡಕ ಮರೆತರು, ಆಮೇಲೆ ಒಲೆ ಆರಿಸುವುದು ಮರೆತರು, ಆಮೇಲೆ ಮನೆಯನ್ನೇ ಮರೆತರು. ಮನೆಯೊಳಗೆ ಕೂತೇ "ಮನೆಗೆ ಹೋಗ್ಬೇಕು" ಎಂದು ಎದ್ದು ಹೊರಡುವುದು. ನಮ್ಮಕ್ಕ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುವವಳು, ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರಕ್ಕೆ ಬರುವುದು. ಮನೆಯಲ್ಲಿ ಬೇರೆ ಜೀವವಿಲ್ಲ. ಏನೂ ತೋಚದೆ ಒಂದು ದಿನ ಭಾವ ತಾಯಿಯನ್ನು ಶಾಪಿಗೆ ಕರೆತಂದು ಬೆಂಚಿನ ತುದಿಯಲ್ಲಿ ಕೂರಿಸಿದ. ಎದುರಿಗೆ ತೊಟ್ಟಿ ಇತ್ತು. ಅತ್ತೆ ನೋಡಿದರು. ನೋಡುತ್ತಲೇ ಇದ್ದರು. ಸಂಜೆಯವರೆಗೂ ಏಳಲಿಲ್ಲ.

ಅವತ್ತಿನಿಂದ ಅದೇ ಅವರ ಜಾಗವಾಯಿತು. ಬಂದವರೇ ಮೊದಲು ಬೆರಳು ಮಾಡಿ ಎಣಿಸುವುದು. "ಒಂದು, ಎರಡು... ಏಳು. ಎಲ್ಲ ಬಂದ್ರು" ಎಂದು ನಿಟ್ಟುಸಿರು ಬಿಟ್ಟು ಸೆರಗು ಸರಿಮಾಡಿಕೊಳ್ಳುವುದು. ಮೀನುಗಳು ಅವರ ಮಕ್ಕಳು. ಅತ್ತೆ ಹೆತ್ತದ್ದು ಇಬ್ಬರನ್ನೇ. ಮಿಕ್ಕ ಐದು ಯಾರವು ಎಂದು ನಾನು ಒಮ್ಮೆ ರೇಗಿಸಿದ್ದಕ್ಕೆ, "ಅಕ್ಕಪಕ್ಕದವು ಕಣಪ್ಪ, ಆಡೋಕೆ ಬಂದಿವೆ, ಹೊಡೆದು ಓಡಿಸೋಕಾಗುತ್ತಾ?" ಎಂದರು. ತಮ್ಮ ಸ್ವಂತ ಮಗನನ್ನು ಮಾತ್ರ ಯಾರೋ ಕಟಿಂಗಿನವನು ಎಂದುಕೊಂಡಿದ್ದರು. ಆಗಾಗ ಮರ್ಯಾದೆಯಿಂದ, "ಏನ್ರೀ, ಪುರುಸೊತ್ತಾದಾಗ ನಮ್ಮ ಹುಡುಗರಿಗೂ ಒಂಚೂರು ಕೂದಲು ಕತ್ತರಿಸಿಬಿಡಿ" ಎನ್ನುತ್ತಿದ್ದರು. ಭಾವ, "ಆಯ್ತಮ್ಮ" ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಭಾವ ಮಾತ್ರ ಕನ್ನಡಿಯಲ್ಲಿ ತಾಯಿಯ ಮುಖ ನೋಡಿಕೊಂಡು ಕೆಲಸ ಮಾಡುತ್ತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಮೂರನೆಯ ಬೇಸಗೆ ಬಂತು ನೋಡಿ, ಅಂಥ ಬೇಸಗೆ ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಬೀಗಗಳನ್ನು ಬರಿಗೈಲಿ ಮುಟ್ಟಲಾಗುತ್ತಿರಲಿಲ್ಲ. ಗೋಲ್ಡ್‌ಫಿಶ್ ಎಂಬುದು ತಣ್ಣೀರಿನ ಪ್ರಾಣಿ, ಅದಕ್ಕೆ ಇಪ್ಪತ್ತೆರಡು ಇಪ್ಪತ್ತನಾಲ್ಕು ಡಿಗ್ರಿ ಹಿತ. ತೊಟ್ಟಿಯ ಗಾಜಿಗೆ ಅಂಟಿಸಿದ ಥರ್ಮಾಮೀಟರು ಮೂವತ್ತು ತೋರಿಸಿದ ದಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸತೊಡಗಿದವು. ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ಕಡಿಮೆಯಾಗುತ್ತದಂತೆ. ಮರುದಿನ ಭಾವ ಬಾಗಿಲು ತೆಗೆದಾಗ ಒಂದು ತೇಲುತ್ತಿತ್ತು. ನಮ್ಮಕ್ಕ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಅತ್ತೆಯನ್ನು ತಂದು ಬಿಡುವ ಮೊದಲೇ ಕಾಗದದಲ್ಲಿ ಸುತ್ತಿ ಸಾಗಿಸಿದೆವು. ಒಂದು ಮೀನು ತಾನೇ, ಅವರಿಗೇನು ಗೊತ್ತಾಗುತ್ತದೆ ಎಂದುಕೊಂಡೆವು. ಎಷ್ಟು ದಡ್ಡರು ನಾವು!

ಅತ್ತೆ ಆರು ಎಣಿಸಿದರು. ಮತ್ತೆ ಎಣಿಸಿದರು. "ಒಬ್ಬ ಬಂದಿಲ್ಲ" ಎಂದು ಎದ್ದೇಬಿಟ್ಟರು. ಭಾವನ ಕೈಯಲ್ಲಿ ಒಬ್ಬರ ಅರ್ಧ ಬೋಳಿಸಿದ ಗಡ್ಡ. ಅವನು ತಿರುಗುವುದರೊಳಗೆ ಅತ್ತೆ ರಸ್ತೆಯಲ್ಲಿದ್ದರು. ನಾನು ಓಡಿ ಹಿಡಿದದ್ದು ಬಸ್ಸುಗಳು ತಿರುಗುವ ಮೂಲೆಯಲ್ಲಿ. ಒಂದು ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ ನನ್ನ ವಂಶವನ್ನೆಲ್ಲ ಜಾಲಾಡಿದ. ಅವನದೇನು ತಪ್ಪು? ವಾಪಸ್ಸು ತಂದು ಕೂರಿಸಿದಾಗ ಭಾವ ತೊಟ್ಟಿಯ ಮುಂದೆ ನಿಂತು, ನನ್ನ ಕಡೆ ನೋಡದೆ ಅವನ ಲೆಕ್ಕಕ್ಕೆ ಭಾಷಣವೇ ಎನ್ನಬೇಕಾದಷ್ಟು ಮಾತಾಡಿದ.

"ಇವು ಇದ್ರೆ ಅಮ್ಮ ಇಲ್ಲಿ ಕೂತಿರ್ತಾಳೆ. ಇವು ಹೋದ್ರೆ ಕೂಡಿ ಹಾಕ್ಬೇಕಾಗುತ್ತೆ. ಹೆತ್ತ ತಾಯಿನ ದನದ ಹಾಗೆ ಕೂಡಿ ಹಾಕೋಕೆ ನನ್ ಕೈಲಿ ಆಗಲ್ಲ ಕಣೋ."

ಆ ಆರನ್ನು ಉಳಿಸಲು ಮನುಷ್ಯ ಪಟ್ಟ ಪಾಡು ನನಗೆ ಗೊತ್ತು. ತೊಟ್ಟಿಯೊಳಗಿನ ದೀಪ ಆರಿಸಿದ, ಅದೂ ಕಾಯುತ್ತದೆ ಎಂದು. ಮೇಲಿನ ಗಾಜಿನ ಮುಚ್ಚಳ ತೆಗೆದು ನೀರಿನ ಮೇಲೆ ಟೇಬಲ್ ಫ್ಯಾನು ತಿರುಗಿಸಿದ. ಬಾಗಿಲಿಗೆ ಒದ್ದೆ ಬೆಡ್‌ಶೀಟು ಕಟ್ಟಿದ. ಪಕ್ಕದ ಜ್ಯೂಸ್ ಅಂಗಡಿಯಾಕೆಯ ಫ್ರೀಜರಿನಲ್ಲಿ ಜಾಗ ಬೇಡಿ, ಬಾಟಲಿಗಳಲ್ಲಿ ನೀರು ತುಂಬಿ ಗಟ್ಟಿಮಾಡಿಸಿ, ಎರಡೆರಡೇ ತಂದು ತೇಲಿಬಿಡುತ್ತಿದ್ದ. ಎಲ್ಲವನ್ನೂ ಒಟ್ಟಿಗೆ ಹಾಕುವಂತಿಲ್ಲ. ದಿಢೀರನೆ ತಣ್ಣಗಾದರೂ ಮೀನು ತಡೆಯುವುದಿಲ್ಲ. ಗಂಟೆಗೊಂದು ಡಿಗ್ರಿ ಇಳಿದರೆ ಸಾಕು ಎನ್ನುತ್ತಿದ್ದ. ಸಾಕಂತೆ! ಬೆಳಿಗ್ಗೆಯಿಂದ ಬಾಟಲಿ ಹೊತ್ತು ಇಳಿಸಿದ ಒಂದು ಡಿಗ್ರಿಯನ್ನು ಮಧ್ಯಾಹ್ನ ಎರಡರ ಬಿಸಿಲು ಹತ್ತು ನಿಮಿಷದಲ್ಲಿ ವಾಪಸ್ಸು ತೆಗೆದುಕೊಂಡು ಹೋಗುತ್ತಿತ್ತು. "ಭಾವ, ಇದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ" ಎಂದು ನಾನೇ ಹೇಳಿದ್ದೆ. ಅವನು ಬಾಟಲಿ ತರಲು ಹೋದ.

ಕರೆಂಟು ಹೋದರೆ ಗಿರಾಕಿಗಳು ಬೀಸಬೇಕು. ಅದು ಶಾಪಿನ ಕಾನೂನಾಯಿತು. ಸರದಿಗೆ ಕಾಯುವವನು ಕೈಗೆ ರಟ್ಟು ತೆಗೆದುಕೊಂಡು ನೀರಿನ ಮೇಲೆ ಬೀಸುವುದು, ಅವನ ಸರದಿ ಬಂದಾಗ ಮುಂದಿನವನಿಗೆ ಕೊಡುವುದು. ರಟ್ಟು ಹಿಡಿಯದವನಿಗೆ ಕುರ್ಚಿ ಇಲ್ಲ. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ತಲೆಯಲ್ಲಿ ನಾಲ್ಕು ಕೂದಲು ಇಟ್ಟುಕೊಂಡು ವಾರಕ್ಕೆರಡು ಸಲ ಬರತೊಡಗಿದರು. "ಮೇಷ್ಟ್ರೇ, ಏನನ್ನ ಕತ್ತರಿಸ್ಲಿ?" ಎಂದು ಭಾವ ಕೇಳಿದರೆ, "ಕತ್ತರಿಸೋದು ಹಾಗಿರ್ಲಿ, ಬೀಸೋಕೆ ಬಂದಿದೀನಿ. ಮನೇಲಿ ಹೆಂಡತಿಗೆ ಬೀಸಿದ್ರೆ ಒಂದು ಒಳ್ಳೆ ಮಾತೂ ಇಲ್ಲ" ಎಂದರು. ಬೀದಿಗೆ ಬೀದಿಯೇ ಆ ಆರು ಮೀನುಗಳ ಹಿಂದೆ ನಿಂತಿತ್ತು. ಅತ್ತೆಗೆ ಏಳನೆಯವನು ಅಜ್ಜಿ ಮನೆಗೆ ಹೋಗಿದ್ದಾನೆ ಎಂದು ಹೇಳಿ ನಂಬಿಸಿದ್ದೆವು. ದಿನಾ ಬೆಳಿಗ್ಗೆ ಹೊಸದಾಗಿ ನಂಬಿಸಬೇಕಿತ್ತು.

ಈಗ ನನ್ನ ಭಾಗ ಹೇಳಬೇಕು. ಹೇಳದಿದ್ದರೆ ಚೆನ್ನಾಗಿತ್ತು.

ತೊಟ್ಟಿಯ ಮೂಲೆಯಲ್ಲಿ ನೀರೊಳಗೇ ಒಂದು ಸಣ್ಣ ಮೋಟಾರು. ಅದು ನೀರನ್ನು ಎಳೆದು, ಗಾಳಿ ಬೆರೆಸಿ, ಗುಳ್ಳೆಗುಳ್ಳೆಯಾಗಿ ಹೊರಗೆ ಎಸೆಯುತ್ತದೆ. ಎಳೆದುಕೊಳ್ಳುವ ಬಾಯಿಗೆ ಒಂದು ಸ್ಪಂಜು, ಕಸ ತಡೆಯಲು. ನಾನು ಯಂತ್ರದವನಲ್ಲವೇ, ಸಣ್ಣಪುಟ್ಟದ್ದೆಲ್ಲ ಬಿಚ್ಚಿ ಜೋಡಿಸುವ ಮಹಾಪಂಡಿತ. ಒಂದು ಸಂಜೆ ನೋಡಿ ಹೇಳಿದೆ: "ಭಾವ, ಈ ಸ್ಪಂಜು ಅಡ್ಡ ಇದೆ, ಅದಕ್ಕೇ ನೀರು ಜೋರಾಗಿ ಬರ್ತಿಲ್ಲ. ಕಿತ್ತು ಬಿಸಾಕು. ನೀರು ಜಾಸ್ತಿ ಆಡಿದ್ರೆ ಗಾಳಿ ಜಾಸ್ತಿ." ಭಾವ ಅನುಮಾನದಿಂದ ನೋಡಿದ. "ಕಸ?" ಎಂದ. "ಕಸ ಎಲ್ಲಿಂದ ಬರುತ್ತೆ ತೊಟ್ಟಿಗೆ?" ಎಂದೆ ನಾನು. ಸ್ಪಂಜು ಕಿತ್ತ ಕೂಡಲೇ ಗುಳ್ಳೆಗಳು ಎರಡರಷ್ಟಾದವು. ಮೀನುಗಳು ಚುರುಕಾದವು. ಭಾವ ನನ್ನ ಬೆನ್ನು ತಟ್ಟಿದ. ನಾನು ಎರಡು ದಿನ ಮೀಸೆ ತಿರುವಿಕೊಂಡು ಓಡಾಡಿದೆ.

ನಾವು ನಿಂತದ್ದು ಕಟಿಂಗ್ ಶಾಪಿನಲ್ಲಿ. ಮುಚ್ಚಳವಿಲ್ಲದ ತೊಟ್ಟಿ, ಅದರ ಮೇಲೆ ದಿನವಿಡೀ ತಿರುಗುವ ಫ್ಯಾನು, ನಾಲ್ಕಡಿ ಆಚೆ ಕತ್ತರಿಸಿದ ಕೂದಲು ಉದುರುವ ಕುರ್ಚಿ. ಕಸ ಎಲ್ಲಿಂದ ಬರುತ್ತೆ ಎಂದು ಕೇಳಿದ ಬಾಯಿಗೆ ಏನು ಹಾಕಬೇಕು ನೀವೇ ಹೇಳಿ. ನೀರಿನ ಮೇಲೆ ತೇಲುವ ಉದ್ದ ಕೂದಲನ್ನು ಭಾವ ಜಾಲರಿಯಿಂದ ತೆಗೆಯುತ್ತಿದ್ದ. ಕತ್ತಿನ ಹಿಂದೆ ಮೆಷಿನ್ ಓಡಿಸಿದಾಗ ಹಾರುವ ಪುಡಿಗೂದಲು ಕಣ್ಣಿಗೆ ಕಾಣುವಂಥದ್ದಲ್ಲ. ಅದು ಕೆಳಗಿಳಿಯುತ್ತಿತ್ತು, ಮೋಟಾರು ಎಳೆದುಕೊಳ್ಳುತ್ತಿತ್ತು.

ಶಾಲೆ ಶುರುವಾಗುವ ಹಿಂದಿನ ದಿನ. ಭಾವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ. ರಜೆಯಲ್ಲಿ ಪೊದೆಯಂತೆ ಬೆಳೆಸಿಕೊಂಡ ಮಕ್ಕಳ ತಲೆಗಳೆಲ್ಲ ಒಂದೇ ದಿನ ಬೋಳಾಗಬೇಕು. ಬೆಳಿಗ್ಗೆ ಏಳಕ್ಕೇ ಸಾಲು. ಎರಡನೆಯ ಕುರ್ಚಿಗೆ ಬೇರೆ ಕೈ ಇಲ್ಲ, ಎಲ್ಲ ಅವನೇ. ಗುಡಿಸುವುದಕ್ಕೂ ಪುರುಸೊತ್ತಿಲ್ಲ, ನೆಲದ ಮೇಲೆ ಕೂದಲು ಹುಲ್ಲಿನ ಹಾಗೆ ಹಾಸಿತ್ತು. ಹತ್ತಕ್ಕೆ ಮೂವತ್ತು ಡಿಗ್ರಿ. ಹನ್ನೆರಡಕ್ಕೆ ಮೂವತ್ತೆರಡು. ಭಾವ ಕೂಗಿದ, ನಾನು ಬಾಟಲಿ ತಂದೆ. ಒಂದಕ್ಕೆ ಮೂವತ್ತಮೂರು. ಮತ್ತೆ ಎರಡು ಬಾಟಲಿ. ಕರೆಂಟಿತ್ತು, ಫ್ಯಾನು ತಿರುಗುತ್ತಿತ್ತು, ಮೋಟಾರಿನ ಗುಂಯ್ ಎಂಬ ಸದ್ದೂ ಕೇಳುತ್ತಿತ್ತು. ಎಲ್ಲ ನಡೆಯುತ್ತಿದೆ, ಆದರೂ ಏರುತ್ತಿದೆ. "ಯಾಕೋ ಹೀಗೆ?" ಎಂದು ಭಾವ ಅಳುವ ದನಿಯಲ್ಲಿ ಕೇಳಿದ. "ಬಿಸಿಲು ಭಾವ, ಬಿಸಿಲು" ಎಂದೆ. ಫ್ಯಾನಿನ ಗಾಳಿಗೆ ನೀರು ಅಲುಗಾಡುತ್ತಿತ್ತು, ಬಾಟಲಿಗಳು ಮೂಲೆಗೆ ಅಡ್ಡ ತೇಲುತ್ತಿದ್ದವು. ಗುಳ್ಳೆ ಬರುವುದು ನಿಂತಿದ್ದನ್ನು ನಾವಿಬ್ಬರೂ ನೋಡಲಿಲ್ಲ.

ಎರಡೂವರೆಗೆ ಮೊದಲನೆಯದು ಅಡ್ಡ ಮಲಗಿತು. ಆಮೇಲೆ ಒಂದರ ಹಿಂದೊಂದು. ಭಾವ ಕತ್ತರಿ ಎಸೆದು ಬಂದು ಎರಡೂ ಕೈಯನ್ನು ನೀರಿಗೆ ಹಾಕಿ ಒಂದನ್ನು ನೆಟ್ಟಗೆ ಹಿಡಿದು ನಿಲ್ಲಿಸಿದ. ಬಿಟ್ಟರೆ ಮತ್ತೆ ಮಲಗುತ್ತಿತ್ತು. ಮತ್ತೆ ನಿಲ್ಲಿಸಿದ. ಕುರ್ಚಿಯಲ್ಲಿ ಅರ್ಧ ತಲೆಯ ಹುಡುಗನೊಬ್ಬ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಾನು ಬಾಟಲಿ ಸರಿಸಲು ಮೂಲೆಗೆ ಕೈ ಹಾಕಿದೆ. ಅಲ್ಲಿಯ ನೀರು ಸ್ನಾನದ ನೀರಿನ ಹಾಗಿತ್ತು. ಸ್ವಿಚ್ಚು ಆರಿಸಿ ಮೋಟಾರು ಹೊರಗೆಳೆದೆ, ಅಂಗೈ ಚುರ್ರೆಂದಿತು. ಸ್ಕ್ರೂ ಬಿಚ್ಚಿ ತೆರೆದರೆ ಒಳಗೆ ನೀರು ತಳ್ಳುವ ಚಕ್ರವೇ ಕಾಣುತ್ತಿಲ್ಲ. ಕಪ್ಪು, ಕೆಂಚು, ಬಿಳಿ, ಬಣ್ಣ ಹಚ್ಚಿದ್ದು, ಬೀದಿಯವರದೆಲ್ಲ ಸೇರಿ ಕಂಬಳಿಯಂತೆ ಗಟ್ಟಿಯಾದ ಕೂದಲಿನ ಮುದ್ದೆ. ಚಕ್ರ ತಿರುಗದೆ ಮೋಟಾರು ಸುಮ್ಮನೆ ಗುಂಯ್‌ಗುಟ್ಟುತ್ತ ಕಾದಿತ್ತು. ನಾವು ಮೇಲಿನಿಂದ ತಣ್ಣಗೆ ಮಾಡುತ್ತಿದ್ದೆವು, ಅದು ಒಳಗಿನಿಂದ ಬಿಸಿ ಮಾಡುತ್ತಿತ್ತು. ಗಾಳಿಯಂತೂ ಯಾವಾಗಲೋ ನಿಂತಿತ್ತು.

ಭಾವ ಆ ಮುದ್ದೆಯನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಬಿಡಿಸಿ ನೋಡಿದ. "ಎಲ್ಲ ನಾನು ಕತ್ತರಿಸಿದ್ದೇ" ಎಂದ. ಸ್ಪಂಜು ಕೀಳಿಸಿದವನು ನೀನು ಎಂದು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನು ಜಗಳವಾದರೂ ಆಡಿ ಹಗುರವಾಗುತ್ತಿದ್ದೆ. ಅವನ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಅತ್ತೆ ಇದನ್ನೆಲ್ಲ ನೋಡುತ್ತಲೇ ಇದ್ದರು. ಆರೂ ಮೇಲೆ ತೇಲಿದ ಮೇಲೆ ಬಾಯಿಗೆ ಬೆರಳಿಟ್ಟು, "ಶ್... ಮಲಗಿದ್ರು. ಮೆತ್ತಗೆ ಮಾತಾಡಿ" ಎಂದರು. ಅವತ್ತು ಸಂಜೆಯವರೆಗೂ ಅಷ್ಟು ನೆಮ್ಮದಿಯಾಗಿ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸಾಲಿನಲ್ಲಿದ್ದ ಮಕ್ಕಳು ಪಿಸುಗುಟ್ಟಿಕೊಂಡೇ ತಲೆ ಕತ್ತರಿಸಿಕೊಂಡು ಹೋದರು. ಭಾವ ಮೂಗು ಒರೆಸಿಕೊಳ್ಳುತ್ತ ಕೊನೆಯ ತಲೆಯವರೆಗೂ ಮುಗಿಸಿದ.

ಮರುದಿನ ಖಾಲಿ ನೀರು ನೋಡಿ ಅತ್ತೆ ಹೊರಟರು. ಹಿಡಿದು ತಂದೆವು. ಮತ್ತೆ ಹೊರಟರು. ಮೂರನೆಯ ದಿನ ಭಾವ ಏಳು ಹೊಸ ಮರಿಗಳನ್ನು ತಂದು ಬಿಟ್ಟ. ಅತ್ತೆ ಬಗ್ಗಿ ನೋಡಿ, "ಯಾರ ಮಕ್ಕಳೋ ಪಾಪ, ಅಮ್ಮ ಹುಡುಕ್ತಿರ್ತಾಳೆ, ಮನೆಗೆ ಕಳಿಸಿ" ಎಂದರು. ಒಮ್ಮೆಯೂ ಎಣಿಸಲಿಲ್ಲ. ಆ ಮರಿಗಳೂ ಆ ಬಿಸಿಲಿಗೆ ವಾರ ನಿಲ್ಲಲಿಲ್ಲ. ಮೇಷ್ಟ್ರು ರಟ್ಟು ಹಿಡಿದು ಬಂದವರು, ಖಾಲಿ ತೊಟ್ಟಿ ನೋಡಿ ರಟ್ಟನ್ನು ಬೆಂಚಿನ ಮೇಲಿಟ್ಟು ಹೋದರು.

ಅದಾದ ಮೇಲೆ ಬಂದ ಶುಕ್ರವಾರ ಭಾವ ಒಬ್ಬರ ಗಲ್ಲದ ಮೇಲೆ ರೇಜರ್ ಇಟ್ಟಿದ್ದ, ನಾನು ಒಂದು ಮನೆಯ ಬೀಗ ಒಡೆಯಲು ಹೋಗಿದ್ದೆ. ಅತ್ತೆ ಬರಿಗಾಲಲ್ಲಿ ಹೊರಬಿದ್ದರು. ಸಿಕ್ಕಿದ್ದು ಎರಡು ಗಂಟೆ ಕಳೆದ ಮೇಲೆ, ದೊಡ್ಡ ರಸ್ತೆಯ ನಡುಪಟ್ಟಿಯ ಮೇಲೆ, ಎರಡು ಕಡೆಯ ಲಾರಿಗಳ ಮಧ್ಯೆ. ಕಾದ ಡಾಂಬರಿಗೆ ಎರಡೂ ಅಂಗಾಲು ಬೊಬ್ಬೆಯೆದ್ದು ಒಡೆದಿದ್ದವು. ನೋವಾಗುತ್ತಿದೆಯೇ ಎಂದು ಕೇಳಿದರೆ, "ಮಕ್ಕಳಿಗೆ ಚಪ್ಪಲಿ ಇಲ್ಲ ಕಣಪ್ಪ" ಎಂದರು. ಆಸ್ಪತ್ರೆಯ ನರ್ಸು ಪಟ್ಟಿ ಕಟ್ಟುತ್ತ ಭಾವನನ್ನು ಮುಖಮೂತಿ ನೋಡದೆ ಬೈದಳು. ಮನೆಯಲ್ಲಿ ನಮ್ಮಕ್ಕ ಬಿಕ್ಕಿಬಿಕ್ಕಿ ಅತ್ತಳು, ಕೆಲಸ ಬಿಡುತ್ತೇನೆ ಎಂದಳು. ಬಿಟ್ಟರೆ ಆ ಮನೆ ನಡೆಯುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಬಂದು ನಿಂತು, "ಹಿಂದಿನ ಕೋಣೆಗೆ ಒಂದು ಚಿಲಕ ಹಾಕ್ಬಿಡೋ. ಹೊರಗಡೆಯಿಂದ" ಎಂದ. ನಾನು ಏನೋ ಹೇಳಲು ಬಾಯಿ ತೆರೆದೆ. "ಏನೂ ಹೇಳ್ಬೇಡ" ಎಂದು ಒಳಗೆ ಹೋಗಿ ಗಿರಾಕಿಗೆ ಬಟ್ಟೆ ಹೊದಿಸಿದ.

ಕೋಣೆಯಲ್ಲಿ ಟವೆಲ್ಲುಗಳನ್ನು ತೆಗೆದು ಒಂದು ಮಂಚ ಹಾಕಿದ್ದ. ಟೇಬಲ್ ಫ್ಯಾನು ಅಲ್ಲಿಗೆ ಬಂದಿತ್ತು. ಅತ್ತೆ ಪಟ್ಟಿ ಕಟ್ಟಿದ ಕಾಲು ಚಾಚಿ ಮಂಚದ ಮೇಲೆ ಕೂತು, ನಾನು ಬಾಗಿಲಿಗೆ ಅಳತೆ ಹಿಡಿಯುವುದನ್ನು ನೋಡುತ್ತಿದ್ದರು. ಕೆಲಸದವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಪ್ರೀತಿ. "ಕೊಡಿಲ್ಲಿ, ಕೆಳಗಿಟ್ರೆ ಉರುಳಿಹೋಗ್ತವೆ" ಎಂದು ಸ್ಕ್ರೂಗಳನ್ನು ತಮ್ಮ ಅಂಗೈಯಲ್ಲಿ ಇಸಿದುಕೊಂಡರು. ನಾನು ಕೇಳಿದಾಗ ಒಂದೊಂದೇ ಕೊಟ್ಟರು. "ಗಟ್ಟಿಯಾಗಿ ಹಾಕಪ್ಪ, ಕಾಲ ಸರಿ ಇಲ್ಲ" ಎಂದರು. ಆಚೆ ಕತ್ತರಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು.

ಕೊನೆಯ ಸ್ಕ್ರೂ ತಿರುಗಿಸುವಾಗ ಅತ್ತೆ ತಲೆ ವಾಲಿಸಿ ಚಿಲಕವನ್ನು ನೋಡಿದರು. ಹುಬ್ಬು ಗಂಟಿಕ್ಕಿದರು.

"ಅಲ್ಲಪ್ಪ, ಹೊರಗಡೆ ಹಾಕಿದೀಯಲ್ಲ. ಒಳಗಿರೋರು ತೆಗೆಯೋದು ಹೇಗೆ?"

ಮೂವತ್ತು ವರ್ಷದಿಂದ ಬೀಗ, ಚಿಲಕದಲ್ಲೇ ಕೈಯಾಡಿಸಿದ್ದೇನೆ. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕತ್ತರಿಯ ಸದ್ದು ನಿಂತಿತು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಒಳಗಿಂದ ತೆಗೆಯೋಕೆ ಬರಲ್ಲ ಅತ್ತೆ" ಎಂದೆ.

"ಹಾಗಾದ್ರೆ ತಪ್ಪಾಗಿದೆ. ಬಿಚ್ಚಿ ಸರಿಯಾಗಿ ಹಾಕು" ಎಂದು ಅವರು ಬಿಚ್ಚಿದ ಸ್ಕ್ರೂ ಇಸಿದುಕೊಳ್ಳಲು ಅಂಗೈ ಚಾಚಿದರು. ನಾನು ಸಾಮಾನು ಎತ್ತಿಕೊಂಡು ಹೊರಗೆ ಬಂದು ಬಾಗಿಲು ಎಳೆದೆ. ಚಿಲಕ ಸರಿಸಿ ಮುಚ್ಚಿದ್ದೂ ನಾನೇ, ಭಾವನ ಕೈಲಿ ಆಗಲಿಲ್ಲ.